ಬಟ್ಟೆಯ ಮಡಿ, ನೀರಿನ ಮೈಲಿಗೆ

ಕನ್ನಡದಲ್ಲಿ ‘ಮಡಿ’ ಎಂಬ ಮಾತಿಗೆ ಒಗೆದ ಬಟ್ಟೆ ಎಂಬ ಅರ್ಥವೂ ಉಂಟು, ಶುಚಿತ್ವ ಎಂಬ ಅರ್ಥವೂ ಉಂಟು. ಬಟ್ಟೆ ಶುಭ್ರವಾದೊಡನೆ ಉಟ್ಟವನೂ ಶುದ್ಧನಾದನೆಂಬ ನಂಬಿಕೆ ಈ ಒಂದು ಪದದಲ್ಲಿ ಅಡಗಿದೆ. ಒಗೆದ ನೀರಿನ ಗತಿಯೇನಾಯಿತೆಂದು ಆ ಪದ ಕೇಳುವುದಿಲ್ಲ. ಈಚಿನ ವರ್ಷಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳಂತಹ ಊರುಗಳ ಅಂಗಡಿಗಳಿಗೂ ಬಂದಿರುವ ‘ಪರಿಸರಸ್ನೇಹಿ’ ಮಾರ್ಜಕಗಳು ಆ ಪ್ರಶ್ನೆಗೆ ಉತ್ತರ ದೊರಕಿತೆಂದು ಸಾರುತ್ತಿವೆ. ಹತ್ತಿಬಟ್ಟೆಯ ಕೊಳೆ ತೆಗೆಯುತ್ತೇವೆ, ಅದನ್ನು ಮೃದುಗೊಳಿಸುತ್ತೇವೆ, ಪ್ರಕೃತಿಗೆ ಕೇಡು ಮಾಡುವುದಿಲ್ಲ ಎಂಬುದು ಪೊಟ್ಟಣದ ಮೇಲಿನ ಹಸಿರು ಎಲೆಯ ಪಕ್ಕದಲ್ಲಿರುವ ಮೂರು ವಾಗ್ದಾನಗಳು. ಇವನ್ನು ಒಂದೊಂದಾಗಿ ಪರೀಕ್ಷಿಸುವುದು ಉಚಿತ.

ಮೊದಲನೆಯದು ಕೊಳೆ ತೆಗೆಯುವ ಮಾತು. ಕೃಷ್ಣರಾಜಸಾಗರದಿಂದ ಹೊರಟು ಹುಲಿಕೆರೆಯ ಸುರಂಗವನ್ನು ಹಾದುಬರುವ ವಿಶ್ವೇಶ್ವರಯ್ಯ ನಾಲೆಯ ನೀರು ಮೆದು; ಅದೇ ಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಗಡಸು ನೀರಿನ ಸುಣ್ಣದ ಅಂಶ ಸಾಬೂನಿನೊಡನೆ ಕೂಡಿ, ಕರಗದ ಗಸಿಯಾಗಿ ನೂಲಿನಲ್ಲಿ ಕೂರುತ್ತದೆ. ಈ ತೊಡಕನ್ನು ಪರಿಹರಿಸಲು ಪೆಟ್ರೋಲಿಯಂ ಮೂಲದ ಮಾರ್ಜಕಗಳು ಬಂದವು. ಮೊದಮೊದಲು ಬಂದವು ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಜೀರ್ಣವಾಗದೆ, ಅಮೆರಿಕ ಮತ್ತು ಯೂರೋಪಿನ ನದಿಗಳಲ್ಲಿ ನೊರೆಯಾಗಿ ನಿಂತವು. ಅಲ್ಲಿಯ ತಯಾರಕರು 1960ರ ದಶಕದಲ್ಲಿ ಅವನ್ನು ಕೈಬಿಟ್ಟು, ಕೊಳೆತು ಕರಗಬಲ್ಲ ಬೇರೆ ಬಗೆಯನ್ನು ಹಿಡಿದರು. ಇಂದು ನಾವು ಬಳಸುವ ಸಾಮಾನ್ಯ ಪುಡಿಗಳಲ್ಲಿ ಹೆಚ್ಚಾಗಿ ಇರುವುದು ಈ ಬಗೆಯೇ. ಆದುದರಿಂದ ‘ಜೈವಿಕವಾಗಿ ಕರಗುತ್ತದೆ’ ಎಂಬುದು ಹಸಿರು ಪೊಟ್ಟಣದ ವಿಶೇಷ ಗುಣವಲ್ಲ. ಈ ಕರಗುವಿಕೆಗೂ ಗಾಳಿ ಮತ್ತು ಕಾಲಾವಕಾಶ ಬೇಕು; ಉಸಿರುಗಟ್ಟಿದ ಕೆಸರಿನಲ್ಲಿ ಅದು ನಡೆಯುವುದು ದುಸ್ತರ.

ಇದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದ ಕಾವೇರಿಯ ನೀರು ಬೆಂಗಳೂರಿಗೆ ಏರುತ್ತಿದೆ. ಹಾಗೆ ಹೋದ ನೀರು ಮನೆಮನೆಯ ಬಚ್ಚಲನ್ನು ದಾಟಿ, ಬಹುಪಾಲು ಕೊಳಚೆಯಾಗಿ ಹೊರಬೀಳುತ್ತದೆ. 2015ರಲ್ಲಿ ಬೆಳ್ಳಂದೂರು ಕೆರೆಯ ಕೋಡಿಯಿಂದ ನೊರೆ ಎದ್ದು ರಸ್ತೆಯ ಮೇಲೆ ಹಾರಾಡಿದ್ದನ್ನು ನಾಡೆಲ್ಲ ಕಂಡಿತು. ಕರಗಬಲ್ಲ ಮಾರ್ಜಕವೂ ಶುದ್ಧೀಕರಣವಿಲ್ಲದ ಕೊಳಚೆಯಲ್ಲಿ ಬಿದ್ದರೆ ಅದರ ಫಲ ಇದೇ.

ಹಾಗಾದರೆ ಹಿಂದಿನವರ ಅಂಟುವಾಳವೇ ನಿರ್ದೋಷಿಯೆ? ಅಂಟುವಾಳದ ಸಿಪ್ಪೆಯಲ್ಲಿರುವ ನೊರೆಯ ಸತ್ವವು ಗಡಸು ನೀರಿನಲ್ಲಿಯೂ ಗಸಿಗಟ್ಟುವುದಿಲ್ಲ. ನೂಲಿಗೂ ಬಣ್ಣಕ್ಕೂ ಹಿತ. ಜಿಡ್ಡಿನ ಕಲೆಯ ಮುಂದೆ ಮಾತ್ರ ಅದು ಸೋಲುತ್ತದೆ. ಮಡಿವಾಳರು ಚೌಳುಮಣ್ಣಿನ ನೀರಿನಲ್ಲಿ ಬಟ್ಟೆಯನ್ನು ಅದ್ದಿ ಉಬ್ಬೆಗೆ ಹಾಕುತ್ತಿದ್ದುದು ಆ ಜಿಡ್ಡನ್ನು ಬಿಡಿಸುವುದಕ್ಕಾಗಿಯೇ. ಆದರೆ ಅಂಟುವಾಳದ ಇದೇ ಸತ್ವವು ಮೀನುಗಳ ಕಿವಿರಿಗೆ ವಿಷ. ಕಾಯನ್ನು ಜಜ್ಜಿ ಮಡುವಿಗೆ ಬೆರೆಸಿ ಮೀನುಗಳನ್ನು ಮಂಕುಗೊಳಿಸಿ ಹಿಡಿಯುವ ಪದ್ಧತಿಯೂ ನಮ್ಮ ದೇಶದಲ್ಲಿತ್ತು. ಗಿಡದಿಂದ ಬಂದದ್ದೆಲ್ಲ ಅಹಿಂಸೆಯದು ಎಂಬ ಭಾವನೆ ಇಲ್ಲಿ ಮುರಿದುಬೀಳುತ್ತದೆ.

ಎರಡನೆಯ ವಾಗ್ದಾನ ಮೃದುತ್ವದ್ದು. ಹತ್ತಿಬಟ್ಟೆ ಒರಟಾಗುವುದು ಹತ್ತಿಯ ದೋಷದಿಂದಲ್ಲ. ಗಡಸು ನೀರಿನ ಗಸಿ ಮತ್ತು ಸರಿಯಾಗಿ ಜಾಲಿಸದೆ ಉಳಿದ ಕ್ಷಾರವೇ ಅದಕ್ಕೆ ಬಹುಮಟ್ಟಿಗೆ ಕಾರಣ. ಮೃದುಕಾರಕವು ಆ ಕಾರಣವನ್ನು ತೆಗೆಯುವುದಿಲ್ಲ. ನೂಲಿನ ಮೇಲೆ ಕೊಬ್ಬಿನಂತಹ ತೆಳುವಾದ ಲೇಪವನ್ನು ಕೂರಿಸುತ್ತದೆ. ಕೈಗೆ ನಯವೆನಿಸಿದರೂ ಬಟ್ಟೆ ನೀರು ಹೀರುವ ಶಕ್ತಿಯನ್ನು ಅಷ್ಟರಮಟ್ಟಿಗೆ ಕಳೆದುಕೊಳ್ಳುತ್ತದೆ. ಮೈ ಒರೆಸುವ ಚೌಕಕ್ಕೆ ಇದು ಗುಣವಲ್ಲ. ಈ ಲೇಪದ ಮೂಲದ್ರವ್ಯವು ಪಶುಕೊಬ್ಬಿನಿಂದಲೂ ತಯಾರಾಗುತ್ತದೆ, ತಾಳೆಯೆಣ್ಣೆಯಿಂದಲೂ ತಯಾರಾಗುತ್ತದೆ. ಯಾವುದರಿಂದ ಎಂಬುದು ಅನೇಕ ಪೊಟ್ಟಣಗಳ ಮೇಲೆ ಕಾಣದು. ಪಶುಕೊಬ್ಬಿನಿಂದ ಮಾಡುತ್ತಿದ್ದ ಇಂತಹ ಒಂದು ದ್ರವ್ಯವು ನೀರಿನಲ್ಲಿ ಬೇಗ ಕರಗುವುದಿಲ್ಲವೆಂದು ಯೂರೋಪಿನ ತಯಾರಕರು 1990ರ ದಶಕದ ಆದಿಯಲ್ಲಿ ಅದನ್ನು ಬಿಟ್ಟುಕೊಟ್ಟರು. ಪಶುಕೊಬ್ಬನ್ನು ಮುಟ್ಟದ ಮನೆಯವರು ಅದನ್ನು ಅರಿಯದೆ ಮೈಗೆ ಹೊದೆಯುವುದು ಎಂತಹ ವಿಪರ್ಯಾಸ!

ಮೂರನೆಯದು, ಕೇಡು ಮಾಡೆವೆಂಬ ಮಾತು. ಭಾರತ ಸರ್ಕಾರವು 1991ರಲ್ಲಿ ಮಣ್ಣಿನ ಮಡಕೆಯ ಗುರುತಿನ ಇಕೋಮಾರ್ಕ್ ಯೋಜನೆಯನ್ನು ಜಾರಿಗೆ ತಂದಿತು. ಸಾಬೂನು ಮತ್ತು ಮಾರ್ಜಕಗಳೂ ಅದರ ವ್ಯಾಪ್ತಿಯಲ್ಲಿದ್ದವು. ಆ ಗುರುತನ್ನು ಪಡೆಯಲು ಮುಂದೆ ಬಂದ ತಯಾರಕರು ವಿರಳ. 2024ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಗಳು ಬಂದವು. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು, ತಕ್ಕ ವಿವರಣೆಯಿಲ್ಲದೆ ‘ಪರಿಸರಸ್ನೇಹಿ’ ಎಂಬಂತಹ ಮಾತುಗಳನ್ನು ಜಾಹೀರಾತಿನಲ್ಲಿ ಬಳಸಕೂಡದೆಂದು ಮಾರ್ಗಸೂಚಿ ಹೊರಡಿಸಿತು. ಸ್ಯಾದ್ವಾದವನ್ನು ಬಲ್ಲವರಿಗೆ ಇದು ಹೊಸ ಪಾಠವಲ್ಲ. ಎಷ್ಟು ಪ್ರಮಾಣದಲ್ಲಿ, ಎಂತಹ ನೀರಿನಲ್ಲಿ, ಯಾವ ಜಾಗಕ್ಕೆ ಚೆಲ್ಲಿದಾಗ ಎಂಬ ‘ಸ್ಯಾತ್’ ಇಲ್ಲದ ಯಾವ ಹಸಿರು ಮಾತೂ ಅರ್ಧಸತ್ಯವೇ.

ಇಲ್ಲಿ ಚೆಲ್ಲುವ ಜಾಗವೂ ನಿಷ್ಕ್ರಿಯವಲ್ಲ. ನಾಲೆಯ ನೀರು ಮಂಡ್ಯದ ಗದ್ದೆಗಳನ್ನು ತಣಿಸಿ ಮದ್ದೂರು, ಮಳವಳ್ಳಿಗಳ ಕೊನೆಯ ಭಾಗದ ರೈತನನ್ನು ಮುಟ್ಟಬೇಕು. ಮದ್ದೂರಿನ ಮಗ್ಗುಲಲ್ಲಿ ಹರಿಯುವ ಶಿಂಷಾ ಮುಂದೆ ಕಾವೇರಿಯನ್ನು ಸೇರುತ್ತದೆ. ಮೇಲಿನವನ ಬಚ್ಚಲು ಕೆಳಗಿನವನ ಮಡು. ಮಣ್ಣಿಗೆ ಸುರಿದೆವೆಂದರೂ ನಿಶ್ಚಿಂತೆಯಿಲ್ಲ: ಒಗೆಯುವ ಸೋಡದ ಸೋಡಿಯಂ ಮಣ್ಣಿನ ಕಣಗಳನ್ನು ಬಿಡಿಸಿ ಅದನ್ನು ಚೌಳುಗಟ್ಟಿಸುತ್ತದೆ, ಈ ನಾಲೆಯ ಬಯಲಿನಲ್ಲಿ ಜೌಗು ಮತ್ತು ಚೌಳಿನ ಪೀಡೆ ಮೊದಲೇ ಇದೆ.

ಈ ವಿಮರ್ಶೆಯ ಬಾಣ ನಾಲೆಯ ಮೆಟ್ಟಿಲಿನ ಮೇಲೆ ಅಗ್ಗದ ಸಾಬೂನಿನಿಂದ ಬಟ್ಟೆ ಕುಕ್ಕುವ ಹೆಣ್ಣುಮಗಳ ಕಡೆಗಲ್ಲ. ಆಕೆಗೆ ಬೇರೆ ಜಾಗವಿಲ್ಲ, ದುಬಾರಿ ಪೊಟ್ಟಣ ಕೊಳ್ಳುವ ಹಣವೂ ಇಲ್ಲ. ಆಕೆಯ ನೊರೆ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಮನೆಯ ಯಂತ್ರದಿಂದ ಚರಂಡಿಗೆ ಇಳಿಯುವ ನಮ್ಮ ನೊರೆ ಯಾರಿಗೂ ಕಾಣುವುದಿಲ್ಲ. ಹೆಚ್ಚು ಬೆಲೆ ಕೊಟ್ಟು ಹಸಿರು ಪೊಟ್ಟಣ ತಂದು, ಅಳತೆಗೆ ಎರಡರಷ್ಟು ಪುಡಿ ಸುರಿದು, ನಿರಾಳರಾಗುವ ನಮಗೆ ಈ ಮಾತು ಸಲ್ಲಬೇಕು.

ನಮ್ಮ ಹಿರಿಯರು ಕುಡಿಯುವ ನೀರನ್ನು ಎರಡು ಪದರದ ಹತ್ತಿಬಟ್ಟೆಯಲ್ಲಿ ಗಾಳಿಸುತ್ತಿದ್ದರು. ಅಷ್ಟಕ್ಕೇ ನಿಲ್ಲದೆ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ, ಅದೇ ಹೊಳೆಗೆ ಜೋಪಾನವಾಗಿ ಮರಳಿಸುತ್ತಿದ್ದರು. ಒಳಗೆ ಬರುವ ನೀರಿಗೆ ತೋರಿದ ಈ ಎಚ್ಚರ ಹೊರಗೆ ಹೋಗುವ ನೀರಿಗೂ ಸಲ್ಲಬೇಡವೆ? ಆ ಗಾಳಿಸುವ ಬಟ್ಟೆಗೆ ಮೃದುಕಾರಕ ಬೇಡ, ಬಿಸಿನೀರು ಸಾಕು. ಉಳಿದ ಬಟ್ಟೆಗೆ ಪುಡಿಯನ್ನು ಅಳೆದು ಹಾಕುವುದು, ಸುಗಂಧವನ್ನೂ ಲೇಪವನ್ನೂ ಬಿಡುವುದು, ಚೆನ್ನಾಗಿ ಜಾಲಿಸುವುದು, ಬೆವರಿನ ಬಟ್ಟೆಗೂ ಜಿಡ್ಡಿನ ಬಟ್ಟೆಗೂ ಒಂದೇ ಮದ್ದು ಹಾಕದಿರುವುದು, ಅಂಟುವಾಳದ ನೀರನ್ನೂ ಕೆರೆಗೆ ಬಿಡದಿರುವುದು: ಇವು ಯಾವ ಪೊಟ್ಟಣದ ಮೇಲೂ ಅಚ್ಚಾಗದ, ಆದರೆ ಯಾವ ಮನೆಯಲ್ಲೂ ನಡೆಯಬಲ್ಲ ನಿಯಮಗಳು. ಬಟ್ಟೆ ಒಂದಿಷ್ಟು ಒರಟಾಗಿ ಉಳಿದರೆ ಉಳಿಯಲಿ. ಕೆಳಗಿನ ಊರಿನ ಮಡುವಿನಲ್ಲಿ ಮೀನು ಬದುಕಿರಲಿ.