ಮುಟ್ಟದೆ ಎಳೆಯುವ ಮುಳ್ಳು

ಹಳೆಯ ಅಂಬಾಸಿಡರ್, ಮಾರುತಿ 800 ಕಾರುಗಳ ಸ್ಪೀಡೋಮೀಟರನ್ನು ಬಿಚ್ಚಿ ನೋಡಬೇಕು, ಅದರೊಳಗಿನ ಜಾಣ್ಮೆಗೆ ತಲೆದೂಗದೆ ಇರಲಾಗದು. ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಪುಟ್ಟ ಅಯಸ್ಕಾಂತವೊಂದನ್ನು ಗಿರಗಿರನೆ ತಿರುಗಿಸುತ್ತದೆ. ಅದರ ಸುತ್ತ ಅಲ್ಯೂಮಿನಿಯಂ ಬಟ್ಟಲು. ನಡುವೆ ತುಸುವೇ ಗಾಳಿ. ಒಂದನ್ನೊಂದು ಮುಟ್ಟುವುದೇ ಇಲ್ಲ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವೂ ಅಲ್ಲ. ಆದರೂ ತಿರುಗುವ ಅಯಸ್ಕಾಂತ ಬಟ್ಟಲಿನಲ್ಲಿ ಸುಳಿ ವಿದ್ಯುತ್ತನ್ನು ಹುಟ್ಟಿಸಿ, ಬಟ್ಟಲನ್ನು ತನ್ನ ಜೊತೆಗೇ ಎಳೆಯುತ್ತದೆ. ಹಿಂದಕ್ಕೆ ಜಗ್ಗುವುದು ತೆಳ್ಳನೆಯ ಸುರುಳಿ ಸ್ಪ್ರಿಂಗ್. ಈ ಹಗ್ಗಜಗ್ಗಾಟ ಸಮವಾದಲ್ಲಿ ಬಟ್ಟಲಿನೊಡನೆ ತಿರುಗುವ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟೋ ಶುಲ್ಜೆ 1902ರಲ್ಲಿ ಪೇಟೆಂಟ್ ಮಾಡಿಸಿದ ಈ ಉಪಾಯಕ್ಕೆ ಬ್ಯಾಟರಿಯ ಹಂಗೂ ಇಲ್ಲ.

ಪಕ್ಕದ ಪೆಟ್ರೋಲ್ ಮುಳ್ಳಿನದು ಬೇರೆಯೇ ಸ್ವಭಾವ. ಟ್ಯಾಂಕಿನಲ್ಲಿ ತೇಲುವ ಬುರುಡೆ ಏರಿಳಿದಂತೆ ವಿದ್ಯುತ್ತು ಹೆಚ್ಚು ಕಡಿಮೆಯಾಗುತ್ತದೆ. ಆ ಕಾಲದ ಹಲವು ಕಾರುಗಳಲ್ಲಿ ಆ ವಿದ್ಯುತ್ತು ಎರಡು ಲೋಹಗಳ ಜೋಡಿ ಪಟ್ಟಿಯನ್ನು ಬಿಸಿ ಮಾಡಿ ಬಗ್ಗಿಸುತ್ತಿತ್ತು. ಪಟ್ಟಿ ಬಿಸಿಯಾಗುವುದೂ ನಿಧಾನ, ತಣಿಯುವುದೂ ನಿಧಾನ. ಅದಕ್ಕೇ ಗುಂಡಿಬಿದ್ದ ರಸ್ತೆಯಲ್ಲಿ ಪೆಟ್ರೋಲ್ ಎಷ್ಟೇ ಕುಲುಕಾಡಿದರೂ ಮುಳ್ಳು ಕುಣಿಯುತ್ತಿರಲಿಲ್ಲ. ನಿಧಾನವನ್ನೇ ಗುಣವಾಗಿಸಿಕೊಂಡ ಯಂತ್ರವಿದು!

ಇನ್ನು ಆಯಿಲ್ ದೀಪ. ಕೀಲಿ ತಿರುಗಿಸಿದೊಡನೆ ಕೆಂಪಗೆ ಹತ್ತುತ್ತದೆ. ಎಂಜಿನ್ ಶುರುವಾಗಿ ಎಣ್ಣೆಯ ಒತ್ತಡ ಏರಿ ಸ್ವಿಚ್ಚನ್ನು ತಳ್ಳಿದಾಗ ಆರುತ್ತದೆ. ಹೀಗೆ ಪ್ರತಿ ಸಲವೂ ಬಲ್ಬಿನ ಪರೀಕ್ಷೆ ತಾನಾಗಿಯೇ ಮುಗಿದಿರುತ್ತದೆ. ಕೀಲಿ ತಿರುಗಿಸಿದಾಗ ಅದು ಹತ್ತದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಓಡುವಾಗ ಹತ್ತಿದರೆ ಮಾತ್ರ ತಡಮಾಡಬೇಡಿ: ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ.