ಕ್ರಿಮಿನಲ್ ಕೇಸಿಗೆ ಊರ ವಕೀಲರು ಸಾಕೇ?

ಮನೆಯ ಹುಡುಗನನ್ನು ಪೊಲೀಸರು ಸಂಜೆ ಹೊತ್ತಿಗೆ ಕರೆದುಕೊಂಡು ಹೋದರೆ ನಮ್ಮಲ್ಲಿ ಮೊದಲ ಫೋನು ಹೋಗುವುದು ಪಕ್ಷದ ಮುಖಂಡರಿಗೆ, ಆಮೇಲೆ ಸ್ಟೇಷನ್ನಿನಲ್ಲಿ ಯಾರದೋ ಪರಿಚಯವಿರುವ ನೆಂಟರಿಗೆ. ವಕೀಲರ ಸರದಿ ಕೊನೆಗೆ. ಅಷ್ಟರಲ್ಲಿ ಮನೆಯೊಳಗೆ ಇನ್ನೊಂದು ವಾದ ಶುರುವಾಗಿರುತ್ತದೆ. ತಾಲ್ಲೂಕು ಕೋರ್ಟಿನ ಎದುರು ಆಫೀಸು ಇಟ್ಟುಕೊಂಡಿರುವ ನಮ್ಮೂರಿನವರೇ ಸಾಕು ಎಂದು ಅಪ್ಪ. ಬೆಂಗಳೂರಿನಿಂದ ‘ದೊಡ್ಡ ಲಾಯರ್’ ಬರಬೇಕು ಎಂದು ದುಬೈಯಲ್ಲಿರುವ ಅಣ್ಣ. ನನ್ನ ಓಟು ಅಪ್ಪನಿಗೆ. ಆದರೆ ಅಪ್ಪ ಕೊಡುವ ಕಾರಣ ಮಾತ್ರ ತಪ್ಪು. “ಅವರಿಗೆ ಇನ್ಸ್‌ಪೆಕ್ಟರ್ ಗೊತ್ತು, ಜಡ್ಜ್ ಸಾಹೇಬರ ಸ್ವಭಾವ ಗೊತ್ತು” ಎಂಬುದು ಆ ಕಾರಣ. ಊರ ವಕೀಲರ ನಿಜವಾದ ಬಲ ಅಲ್ಲಿಲ್ಲ. ಅವರ ದೌರ್ಬಲ್ಯ ಇರುವುದೇ ಅಲ್ಲಿ.

ಬಂಧನವಾದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ ನಡುವೆ ವಕೀಲರನ್ನು ಭೇಟಿಯಾಗುವ ಹಕ್ಕು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಬಂಧನದ ಕಾರಣವನ್ನು ಬಂಧಿತನಿಗೆ ಸರಿಯಾಗಿ ತಿಳಿಸದಿದ್ದರೆ ಆ ಬಂಧನವೇ ಅಸಿಂಧು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಹಕ್ಕುಗಳ ಪಟ್ಟಿ ಚೆನ್ನಾಗಿಯೇ ಇದೆ. ರಾತ್ರಿ ಒಂಬತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಅದನ್ನು ಕೇಳುವವರು ಯಾರು ಎಂಬುದು ಪ್ರಶ್ನೆ. ಬೆಂಗಳೂರಿನಿಂದ ಬೀದರಿಗೆ ಒಂದು ಇಡೀ ರಾತ್ರಿಯ ಪ್ರಯಾಣ. ಭಾನುವಾರ ಮ್ಯಾಜಿಸ್ಟ್ರೇಟರ ಮನೆಗೇ ಆರೋಪಿಯನ್ನು ಕರೆದೊಯ್ಯುವಾಗ ಬಾಗಿಲ ಬಳಿ ನಿಂತಿರಬಲ್ಲವರು ಊರಿನಲ್ಲೇ ಇರುವ ವಕೀಲರು ಮಾತ್ರ.

ಜಾಮೀನು ಮಂಜೂರಾದರೂ ಕೆಲಸ ಮುಗಿಯುವುದಿಲ್ಲ. ಆದೇಶ ಬಂದ ಮೇಲೂ ಶ್ಯೂರಿಟಿ ಸಿಗದೆ ಜೈಲಿನಲ್ಲೇ ಉಳಿಯುವವರಿದ್ದಾರೆ. ಪಹಣಿ, ಆಧಾರ್, ಫೋಟೊ ಹಿಡಿದುಕೊಂಡು ಕೋರ್ಟಿಗೆ ಬಂದು ನಿಲ್ಲುವ ಜಾಮೀನುದಾರ ಬೇಕು. ಅವನೂ ಇದೇ ತಾಲ್ಲೂಕಿನವನಾಗಿರಲಿ ಎಂಬ ಅಲಿಖಿತ ನಿರೀಕ್ಷೆ ಬೇರೆ. 1978ರ ಮೋತಿರಾಮ್ ಪ್ರಕರಣ ಎದ್ದದ್ದೇ ಇದರಿಂದ. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ 10,000 ರೂಪಾಯಿ ಶ್ಯೂರಿಟಿ ಕೇಳಲಾಗಿತ್ತು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಜಾಮೀನನ್ನು ತಿರಸ್ಕರಿಸಲಾಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸಿಟ್ಟಿಗೆದ್ದು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಆದೇಶಿಸಿದರು. ಆ ತೀರ್ಪನ್ನು ನಮ್ಮ ಕೆಳ ನ್ಯಾಯಾಲಯಗಳಲ್ಲಿ ಎತ್ತಿ ಓದುವವರು ವಿರಳ. ಓದುವ ಬದಲು ಕೋರ್ಟಿನ ಆವರಣದಲ್ಲೇ ಓಡಾಡಿಕೊಂಡಿರುವ ಬಾಡಿಗೆ ಶ್ಯೂರಿಟಿಗಳನ್ನು ತೋರಿಸುವವರೂ ಇದ್ದಾರೆ. ಅಂಥ ಸಲಹೆ ಬಂದರೆ ಅದೇ ದಿನ ಬೇರೆ ವಕೀಲರನ್ನು ನೋಡಿಕೊಳ್ಳುವುದು ಒಳ್ಳೆಯದು. ಸುಳ್ಳು ದಾಖಲೆಯ ಶ್ಯೂರಿಟಿ ಇನ್ನೊಂದು ಕ್ರಿಮಿನಲ್ ಕೇಸನ್ನು ಹೆರುತ್ತದೆ.

ಊರ ವಕೀಲರ ವಿದ್ಯೆ ಬೆಳಗುವುದು ಪಾಟೀಸವಾಲಿನಲ್ಲಿ. ರಾತ್ರಿ ಹತ್ತೂವರೆಗೆ ಬೀದಿ ದೀಪದ ಬೆಳಕಿನಲ್ಲಿ ಆರೋಪಿ ಮಚ್ಚು ಬೀಸಿದ್ದನ್ನು ನೋಡಿದೆ ಎಂದು ಸಾಕ್ಷಿ ಹೇಳುತ್ತಾನೆ ಎಂದುಕೊಳ್ಳಿ. ಆ ರಾತ್ರಿ ಕರೆಂಟ್ ಇತ್ತು ಎಂದು ವಿದ್ಯುತ್ ಕಂಪನಿಯಿಂದ ಪಡೆದ ಪತ್ರ ದೋಷಾರೋಪ ಪಟ್ಟಿಯ ಜೊತೆಗೇ ಇರುತ್ತದೆ. ಹೊರಗಿನಿಂದ ಬಂದ ವಕೀಲರು ಆ ಪತ್ರ ನೋಡಿ ಮುಂದೆ ಹೋಗುತ್ತಾರೆ. ಫೀಡರಿಗೆ ಸರಬರಾಜು ಇದ್ದ ಮಾತ್ರಕ್ಕೆ ದೇವಸ್ಥಾನದ ಮೂಲೆಯ ಕಂಬದಲ್ಲಿ ಬಲ್ಬು ಇತ್ತು ಎಂದಾಗುವುದಿಲ್ಲ ಎಂಬುದು ಆ ಓಣಿಯಲ್ಲಿ ಓಡಾಡಿದವರಿಗೆ ಹೊಳೆಯುತ್ತದೆ. ಅವರು ಗ್ರಾಮ ಪಂಚಾಯಿತಿಯ ಬೀದಿ ದೀಪ ದುರಸ್ತಿಯ ಕಡತ ತರಿಸುತ್ತಾರೆ. ಮಹಜರಿನ ಪಂಚರ ವಿಷಯವೂ ಹಾಗೆಯೇ. ಬೆಳಿಗ್ಗೆ ಏಳಕ್ಕೆ ಸ್ಥಳ ಪಂಚನಾಮೆಗೆ ‘ಆಕಸ್ಮಿಕವಾಗಿ’ ಸಿಕ್ಕ ಇಬ್ಬರು ಪಂಚರಲ್ಲಿ ಒಬ್ಬ ಠಾಣೆಯ ಎದುರಿನ ಹೋಟೆಲಿನವನು, ಹಿಂದೆ ಬೇರೆ ಕೇಸುಗಳಲ್ಲೂ ಪಂಚನಾಗಿದ್ದವನು ಎಂಬುದನ್ನು ಯಾವ ಕಾನೂನು ಪುಸ್ತಕವೂ ಹೇಳಿಕೊಡುವುದಿಲ್ಲ. ಎರಡು ಮನೆತನಗಳ ನಡುವೆ ಬದುವಿನ ಜಗಳ ಎಷ್ಟು ಹಳೆಯದು, ಫಿರ್ಯಾದಿ ಮತ್ತು ಕಣ್ಣಾರೆ ಕಂಡ ಸಾಕ್ಷಿ ಬೀಗರೇ, ಆ ದಿನ ಸಂತೆಯಿತ್ತೇ, ಸಂತೆಯ ದಿನ ಆ ದಾರಿಯಲ್ಲಿ ಯಾರಿರುತ್ತಾರೆ ಎಂಬ ಇಂಥ ಸಣ್ಣ ಸಂಗತಿಗಳ ಮೇಲೆ ಖುಲಾಸೆ ನಿಂತಿರುತ್ತದೆ.

ಭಾಷೆ ಇನ್ನೊಂದು. ಪೊಲೀಸರು ಬರೆದುಕೊಂಡ ಹೇಳಿಕೆ ಕನ್ನಡದಲ್ಲಿ, ಅದೂ ಠಾಣೆಯ ಅಚ್ಚುಗಟ್ಟು ಕನ್ನಡದಲ್ಲಿ. ಸಾಕ್ಷಿ ಮಾತಾಡುವುದು ಮಂಗಳೂರಿನ ಕಡೆ ತುಳುವಿನಲ್ಲಿ, ಕಲಬುರಗಿ ಕಡೆ ತನ್ನದೇ ಕನ್ನಡದಲ್ಲಿ. ಮೊದಲ ಹೇಳಿಕೆಯಲ್ಲಿ ಇಲ್ಲದ ಒಂದು ಮಾತು ಕೋರ್ಟಿನಲ್ಲಿ ಹೊಸದಾಗಿ ಹುಟ್ಟಿದರೆ ಅದನ್ನು ಆ ಕ್ಷಣದಲ್ಲೇ ಹಿಡಿದು ದಾಖಲು ಮಾಡಿಸಬೇಕು. ಅಲ್ಲಿ ಬಿಟ್ಟರೆ ಮೇಲ್ಮನವಿಯಲ್ಲಿ ಎಷ್ಟು ದೊಡ್ಡವರು ಬಂದರೂ ಅದು ಸಿಗುವುದಿಲ್ಲ. ತರ್ಜುಮೆಯ ಪ್ರತಿ ಓದಿಕೊಂಡು ವಿಮಾನದಲ್ಲಿ ಬಂದವರಿಗೆ ಈ ಕಿವಿ ಇರುವುದಿಲ್ಲ.

ಇಷ್ಟು ಹೊಗಳಿದ ಮೇಲೆ ದೂರುಗಳಿಗೆ ಬರುತ್ತೇನೆ.

ಸಣ್ಣ ಕೇಸುಗಳಲ್ಲಿ ನಮ್ಮ ಊರ ವಕೀಲರು ಧಾರಾಳವಾಗಿ ಹಂಚುವ ಸಲಹೆ ಒಂದಿದೆ: “ಒಪ್ಕೊಂಡು ದಂಡ ಕಟ್ಟಿಬಿಡಿ, ಓಡಾಟ ತಪ್ಪುತ್ತೆ.” ಇಸ್ಪೀಟು, ಬಾಯಿಜಗಳ, ಕೈಕೈ ಮಿಲಾಯಿಸಿದ್ದು ಎಲ್ಲಕ್ಕೂ ಇದೇ ಮದ್ದು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯೂ ಅದಕ್ಕೆ ಜೊತೆಯಾಗುತ್ತದೆ. ಆ ಗಾದೆ ಹುಟ್ಟಿದ್ದು ಜಮೀನಿನ ವ್ಯಾಜ್ಯಗಳಿಂದ ಇರಬೇಕು. ಕ್ರಿಮಿನಲ್ ಕೇಸಿಗೆ ಅದು ಹೊಂದುವುದಿಲ್ಲ. ತಪ್ಪೊಪ್ಪಿಗೆ ಎಂದರೆ ದೋಷಸಾಬೀತು. ಪೊಲೀಸ್ ಪರಿಶೀಲನೆ ಬೇಕಾದ ಸರ್ಕಾರಿ ನೌಕರಿಗೆ ಮುಂದೊಂದು ದಿನ ಅರ್ಜಿ ಹಾಕಿದಾಗ ಆ ದಂಡದ ರಸೀದಿ ಎದ್ದು ಕೂರುತ್ತದೆ. ಅಷ್ಟಕ್ಕೂ ಸಂಜ್ಞೇಯವಲ್ಲದ ಅಪರಾಧವಾದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ನಡೆಸುವಂತೆಯೇ ಇಲ್ಲ. ಅಂಥ ಅನುಮತಿ ಸರಿಯಾಗಿ ಪಡೆಯದ ಎಷ್ಟೋ ಇಸ್ಪೀಟು ಕೇಸುಗಳನ್ನು ನಮ್ಮ ಹೈಕೋರ್ಟ್ ರದ್ದುಪಡಿಸಿದೆ. ಕಡತ ತೆರೆಯದೆ ಒಪ್ಪಿಕೋ ಎನ್ನುವ ವಕೀಲರು ಉಳಿಸುವುದು ತಮ್ಮ ಓಡಾಟವನ್ನು.

ಎರಡನೆಯದು ಆ ‘ಪರಿಚಯ’. ವಾರದಲ್ಲಿ ನಾಲ್ಕು ದಿನ ಅದೇ ಸಬ್‌ಇನ್ಸ್‌ಪೆಕ್ಟರ್ ಹತ್ತಿರ ಒಂದಲ್ಲ ಒಂದು ಕೆಲಸ ಇರುವವರು ಸಾಕ್ಷಿ ಕಟಕಟೆಯಲ್ಲಿ ಅವರನ್ನು ಎಷ್ಟು ಬಿಗಿಯಾಗಿ ಪ್ರಶ್ನಿಸಿಯಾರು? ಠಾಣೆಯ ಪೇದೆಯೇ “ಇವರ ಹತ್ರ ಹೋಗಿ” ಎಂದು ಸೂಚಿಸಿದ ವಕೀಲರ ಬಗ್ಗೆ ನನಗೆ ಸದಾ ಅನುಮಾನ. ಬೇಲ್ ಗ್ಯಾರಂಟಿ ಎನ್ನುವವರ ಬಗ್ಗೆ ಅನುಮಾನವೂ ಉಳಿದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಊರೇ ಸಿಟ್ಟಿಗೆದ್ದಾಗ ಊರ ವಕೀಲರೂ ಊರಿನವರಾಗಿಬಿಡುತ್ತಾರೆ. 2020ರ ಜನವರಿಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದ ಪ್ರತಿಭಟನೆಯಲ್ಲಿ ಕಾಶ್ಮೀರದ ಬಗ್ಗೆ ಫಲಕ ಹಿಡಿದ ಯುವತಿಯ ಪರ ವಕಾಲತ್ತು ವಹಿಸುವುದಿಲ್ಲ ಎಂದು ಅಲ್ಲಿನ ವಕೀಲರ ಸಂಘ ನಿರ್ಣಯಿಸಿತು. ಮರು ತಿಂಗಳು ಹುಬ್ಬಳ್ಳಿಯಲ್ಲಿ ರಾಜದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲೂ ಅದೇ ಆಯಿತು. ಇಂಥ ನಿರ್ಣಯಗಳು ಕಾನೂನಿನ ಕಣ್ಣಲ್ಲಿ ಶೂನ್ಯ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ, ಕೊಯಮತ್ತೂರಿನ ವಕೀಲರ ಸಂಘದ ನಿರ್ಣಯದ ಹಿನ್ನೆಲೆಯ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿಯಾಗಿತ್ತು. ಹುಬ್ಬಳ್ಳಿಯ ವಿಷಯ ಹೈಕೋರ್ಟ್ ಮುಂದೆ ಬಂದಾಗ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಸಂಘವನ್ನು ತರಾಟೆಗೆ ತೆಗೆದುಕೊಂಡಿತು. ಬೆಂಗಳೂರಿನ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡಕ್ಕೆ ಹೋಗಿ ಜಾಮೀನು ಅರ್ಜಿ ಸಲ್ಲಿಸಬೇಕಾಯಿತು; ತಮ್ಮದೇ ವೃತ್ತಿಯವರ ಘೋಷಣೆಗಳನ್ನೂ ಎದುರಿಸಬೇಕಾಯಿತು. ಆ ವಿದ್ಯಾರ್ಥಿಗಳಿಗೆ ಕೊನೆಗೆ ಜಾಮೀನು ಸಿಕ್ಕಿದ್ದು ಪೊಲೀಸರು ನಿಗದಿತ ಅವಧಿಯೊಳಗೆ ದೋಷಾರೋಪ ಪಟ್ಟಿ ಸಲ್ಲಿಸದ ಕಾರಣಕ್ಕೆ. ಅಪರಾಧದ ತೂಕಕ್ಕೆ ತಕ್ಕಂತೆ 60 ಅಥವಾ 90 ದಿನ ಕಳೆದೊಡನೆ ಹುಟ್ಟುವ ಈ ಹಕ್ಕು ತಾನಾಗಿ ಬಂದು ಬಾಗಿಲು ತೆರೆಯುವುದಿಲ್ಲ. ಪಟ್ಟಿ ಬರುವ ಮೊದಲೇ ಅರ್ಜಿ ಹಾಕಬೇಕು. ವಕೀಲರೇ ಇಲ್ಲದವನಿಗೆ ಆ ದಿನ ಲೆಕ್ಕ ಹಾಕಿ ಕೊಡುವವರಾರು? ಪ್ರಕರಣಕ್ಕೆ ಕೋಮು ಅಥವಾ ರಾಜಕೀಯದ ಬಣ್ಣ ಹತ್ತಿದ್ದರೆ, ಎದುರು ಪಕ್ಷ ಊರಿನ ದೊಡ್ಡ ಮನೆತನವಾಗಿದ್ದರೆ, ಹೊರಗಿನ ವಕೀಲರನ್ನು ಕರೆಸುವುದು ಶೋಕಿ ಅಲ್ಲ, ಅನಿವಾರ್ಯ. ಎಫ್‌ಐಆರ್ ರದ್ದತಿಗೆ ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ ಹೋಗುವಾಗ ಹೈಕೋರ್ಟಿನವರೇ ಬೇಕು ಎಂಬುದು ಹೇಳಬೇಕಾದ ಮಾತೇನಲ್ಲ.

ಶುಲ್ಕದ ಮಾತು ಯಾರೂ ಆಡುವುದಿಲ್ಲ, ಆದ್ದರಿಂದ ಆಡಲೇಬೇಕು. ಜಾಮೀನಿಗೆಷ್ಟು, ವಿಚಾರಣೆಗೆಷ್ಟು, ದಿನಕ್ಕೊಮ್ಮೆಯೋ ಒಟ್ಟಿಗೋ ಎಂದು ಮೊದಲೇ ಬರೆಸಿಕೊಳ್ಳುವವರು ನೂರಕ್ಕೆ ಒಬ್ಬರೂ ಸಿಗುವುದಿಲ್ಲ. ರಸೀದಿ ಕೇಳಿದರೆ ಅಪಚಾರ. ಗೆದ್ದರೆ ಇಷ್ಟು ಎಂಬ ಒಪ್ಪಂದವನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸುತ್ತವೆ. ಶುಲ್ಕ ಬಾಕಿ ಇದೆ ಎಂದು ಕಡತವನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಹಾಗಿದ್ದೂ ವಕೀಲರನ್ನು ಬದಲಿಸಲು ಹೊರಟವರು ಫೈಲಿಗಾಗಿ ತಿಂಗಳುಗಟ್ಟಲೆ ಅಲೆಯುವುದು ಮಾಮೂಲು. ಕೆಟ್ಟ ಸೇವೆಗೆ ಗ್ರಾಹಕ ನ್ಯಾಯಾಲಯದ ದಾರಿಯೂ 2024ರ ಮೇ ತಿಂಗಳಲ್ಲಿ ಮುಚ್ಚಿತು. ವಕೀಲಿಕೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದಾಯಿತು. ಉಳಿದಿರುವುದು ರಾಜ್ಯ ವಕೀಲರ ಪರಿಷತ್ತಿಗೆ ದುರ್ವರ್ತನೆಯ ದೂರು, ಅಂದರೆ ವಕೀಲರ ಮೇಲಿನ ದೂರನ್ನು ವಕೀಲರೇ ಕೇಳುವ ವ್ಯವಸ್ಥೆ. ಆದ್ದರಿಂದ ದೋಷಾರೋಪ ಪಟ್ಟಿಯ ಪೂರ್ತಿ ಪ್ರತಿಯೊಂದು ನಿಮ್ಮ ಮನೆಯಲ್ಲೇ ಇರಲಿ. ಕೇಸಿನ ಸಿಎನ್‌ಆರ್ ಸಂಖ್ಯೆ ಕೇಳಿ ಇಟ್ಟುಕೊಂಡರೆ ಮುಂದಿನ ವಾಯಿದೆ ಯಾವಾಗ ಎಂದು ಇ-ಕೋರ್ಟ್ಸ್ ಆ್ಯಪಿನಲ್ಲಿ ನೀವೇ ನೋಡಬಹುದು, ಜೂನಿಯರ್‌ಗೆ ಫೋನು ಮಾಡಿ ಕಾಯಬೇಕಿಲ್ಲ. ಹೊಸಬರನ್ನು ಗೊತ್ತುಮಾಡುವ ಮುನ್ನ ಒಂದು ದಿನ ಸೆಷನ್ಸ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಅವರು ಸಾಕ್ಷಿಯನ್ನು ಹೇಗೆ ಪ್ರಶ್ನಿಸುತ್ತಾರೆ ಎಂದು ಕೇಳಿ. ಹೆಚ್ಚಿನ ವಿಚಾರಣೆಗಳು ಬಹಿರಂಗ, ಯಾರೂ ತಡೆಯುವಂತಿಲ್ಲ.

ದುಡ್ಡೇ ಇಲ್ಲದವರಿಗೆ ಈ ಆಯ್ಕೆಯ ಚರ್ಚೆಯೆಲ್ಲ ದೂರದ್ದು ಎನ್ನಿಸಬಹುದು. ಪುಕ್ಕಟೆ ವಕೀಲರು ಕಳಪೆ ಎಂಬ ಜನರ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಹಿಂದೆ ಅನನುಭವಿಗಳ ಹೆಸರು ಕರೆದು ಅದೇ ದಿನ ವಾದ ಮಾಡಿಸಿದ ಉದಾಹರಣೆಗಳಿವೆ. 2019ರ ಅನೋಖಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಯನ್ನೇ ರದ್ದುಮಾಡಿ ಮರುವಿಚಾರಣೆಗೆ ಆದೇಶಿಸಿದ್ದು ಇಂಥ ಅವಸರಕ್ಕಾಗಿ. ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆಯಿರುವ ಪ್ರಕರಣದಲ್ಲಿ ಕನಿಷ್ಠ 10 ವರ್ಷ ಅನುಭವವಿರುವವರನ್ನೇ ನೇಮಿಸಬೇಕು, ತಯಾರಿಗೆ ಸಾಮಾನ್ಯವಾಗಿ ಏಳು ದಿನವಾದರೂ ಕೊಡಬೇಕು ಎಂದಿತು. 2022ರಿಂದೀಚೆಗೆ ಜಿಲ್ಲೆಗಳಲ್ಲಿ ಆರೋಪಿಗಳ ಪರವೇ ಕೆಲಸ ಮಾಡುವ ಪೂರ್ಣಾವಧಿ ಕಾನೂನು ನೆರವು ಅಭಿರಕ್ಷಕರ ಕಚೇರಿಗಳು ಬಂದಿವೆ. ಅವರೂ ಅದೇ ಜಿಲ್ಲೆಯ ವಕೀಲರು, ಅದೇ ಕೋರ್ಟಿನ ಗಾಳಿ ಕುಡಿದವರು. ಕಕ್ಷಿದಾರರಿಂದ ಶುಲ್ಕ ಪಡೆಯುವಂತಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವ ಯಾರಿಗೇ ಆಗಲಿ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಈ ನೆರವಿಗೆ ಆದಾಯದ ಮಿತಿಯಿಲ್ಲ. ಕರೆ ಮಾಡಬೇಕಾದ ಸಂಖ್ಯೆ 15100.