ಮಗಳೂ ಹೋಗಿದ್ದಾಳೆ

ಮಗಳು ಅಳಿಯ ಪರದೇಶಕ್ಕೆ ಹೋದ ಸುದ್ದಿಯನ್ನು ಹೇಳುವುದಕ್ಕೆ ನಮ್ಮ ಕಡೆ ಒಂದು ಕ್ರಮವಿದೆ. "ಅಳಿಯಂದಿರಿಗೆ ಅಲ್ಲಿ ಕೆಲಸ ಸಿಕ್ಕಿದೆ. ಮಗಳೂ ಹೋಗಿದ್ದಾಳೆ." ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಹೇಳಿಕೊಟ್ಟಿರುವ ನನ್ನ ಕಿವಿ ಈ ಎರಡನೆಯ ವಾಕ್ಯದ 'ಊ'ಕಾರದ ಮೇಲೆಯೇ ನಿಂತುಬಿಡುತ್ತದೆ. 'ರಾಮನೂ ಲಕ್ಷ್ಮಣನೂ' ಎಂಬಲ್ಲಿ ಆ 'ಊ' ಇಬ್ಬರನ್ನು ಸಮಸಮವಾಗಿ ಕೂಡಿಸುತ್ತದೆ. 'ಮಗಳೂ' ಎನ್ನುವಾಗ ಅದು ಕೂಡಿಸುವುದಿಲ್ಲ, ಬಾಲಕ್ಕೆ ಕಟ್ಟುತ್ತದೆ. ಆ ಒಂದು ದೀರ್ಘಾಕ್ಷರದೊಳಗೆ ಅವಳ ಓದು, ಬಿಟ್ಟುಹೋದ ನೌಕರಿ, ಹೊಸ ಊರಿನಲ್ಲಿ ಅವಳು ಕಳೆಯುವ ಮಧ್ಯಾಹ್ನಗಳು ಎಲ್ಲವೂ ಮುಚ್ಚಿಹೋಗುತ್ತವೆ.

ಮನೆಮಾತು ಹೀಗಿರಲಿ, ಪುಸ್ತಕಗಳೂ ಹೀಗೆಯೇ ಮಾತಾಡುತ್ತವೆಯೇ ಎಂದು ನೋಡುವ ಸಂದರ್ಭ ನನಗೆ ಬಂದದ್ದು ನನ್ನ ತಂಗಿಯ ಮಗಳಿಂದ. ಮದುವೆಯಾದ ವರ್ಷವೇ ಅವಳು ಗಂಡನೊಂದಿಗೆ ಜಮೈಕಾದ ಕಿಂಗ್‌ಸ್ಟನ್ ನಗರಕ್ಕೆ ಹೋದಳು. ಅಲ್ಲಿಯ ಮೋನಾ ಎಂಬ ಬಡಾವಣೆಯಲ್ಲಿರುವ ವೆಸ್ಟ್ ಇಂಡೀಸ್ ವಿಶ್ವವಿದ್ಯಾನಿಲಯದಲ್ಲಿ ಆತನಿಗೆ ಪಾಠ ಹೇಳುವ ಕೆಲಸ. ನಮ್ಮ ಬೀದಿಯವರಿಗೆ ವೆಸ್ಟ್ ಇಂಡೀಸ್ ಎಂದರೆ ಕ್ರಿಕೆಟ್ ತಂಡವೇ ಹೊರತು ಅಲ್ಲೊಂದು ವಿಶ್ವವಿದ್ಯಾನಿಲಯವಿದೆ ಎಂಬುದೇ ಸುದ್ದಿ. ಎರಡು ವರ್ಷದ ಮೇಲೆ ಊರಿಗೆ ಬಂದಾಗ ಅವಳು ಒಂದು ಪುಸ್ತಕ ತಂದುಕೊಟ್ಟಳು. "ಓದಿ ನೋಡು ದೊಡ್ಡಮ್ಮ, ಅಕ್ಷರ ಜೋಡಿಸಿರೋದು ಸ್ವಲ್ಪ ವಿಚಿತ್ರವಾಗಿದೆ, ಆದರೆ ಬಿಡಬೇಡ," ಎಂದಳು. ಎಡ್ವರ್ಡ್ ಕಮಾವ್ ಬ್ರಾಥ್‌ವೇಟ್ ಎಂಬ ಕವಿ ಬರೆದು 1993ರಲ್ಲಿ ಪ್ರಕಟವಾದ 'ದ ಜೀಯಾ ಮೆಕ್ಸಿಕನ್ ಡೈರಿ' ಅದು. ಅದರ ವಿಷಯವಾಗಿ ನನಗನ್ನಿಸಿದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಊರಿನ ವಿಚಾರ ಸ್ವಲ್ಪ ತಿಳಿದಿರಲಿ. ಮೋನಾ ಮೊದಲು ಕಬ್ಬಿನ ತೋಟವಾಗಿತ್ತು. ಗುಲಾಮರ ಬೆವರಿನ ಮೇಲೆ ನಿಂತ ತೋಟ. ಅಲ್ಲಿಗೆ ನೀರು ತರುತ್ತಿದ್ದ ಕಲ್ಲಿನ ಮೇಲ್ಗಾಲುವೆ ಮುರಿದುಬಿದ್ದರೂ ವಿಶ್ವವಿದ್ಯಾನಿಲಯದ ಆವರಣದಲ್ಲಿ ಇವತ್ತಿಗೂ ಇದೆ. ಎರಡನೆಯ ಮಹಾಯುದ್ಧದಲ್ಲಿ ಜಿಬ್ರಾಲ್ಟರಿನಿಂದ ಸಾಗಿಸಿ ತಂದ ನಿರಾಶ್ರಿತರಿಗಾಗಿ ಅಲ್ಲಿ ಶಿಬಿರ ಹಾಕಿದ್ದರು. ಆ ಜಾಗದಲ್ಲೇ 1948ರಲ್ಲಿ 33 ವೈದ್ಯ ವಿದ್ಯಾರ್ಥಿಗಳೊಂದಿಗೆ ಕಾಲೇಜು ಶುರುವಾಯಿತು. ಆಗ ಅದು ಲಂಡನ್ ವಿಶ್ವವಿದ್ಯಾನಿಲಯದ ಅಂಗ. 1962ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಜಮೈಕಾ ದೇಶ ಸ್ವತಂತ್ರವಾದದ್ದೂ ಅದೇ ವರ್ಷ. ಆವರಣದ ಪ್ರಾರ್ಥನಾಮಂದಿರವಂತೂ ಬೇರೊಂದು ಕಬ್ಬಿನ ತೋಟದ ಹಳೆಯ ಕಟ್ಟಡ. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಒಟ್ಟಿನಲ್ಲಿ ಬೇರೆಲ್ಲಿಂದಲೋ ಬಂದವರೂ ಬಂದ ವಸ್ತುಗಳೂ ಸೇರಿ ಆದ ಊರು.

ಇಂಥ ಊರಿಗೆ 1963ರಲ್ಲಿ ಒಂದು ಜೋಡಿ ಸಂಸಾರ ಹೂಡಲು ಬಂತು. ಗಂಡ ಬಾರ್ಬಡೋಸ್ ದ್ವೀಪದವನು, ಕೇಂಬ್ರಿಜ್‌ನಲ್ಲಿ ಇತಿಹಾಸ ಓದಿ, ಆಫ್ರಿಕದ ಘಾನಾದಲ್ಲಿ ಏಳು ವರ್ಷ ಶಿಕ್ಷಣ ಇಲಾಖೆಯಲ್ಲಿ ದುಡಿದವನು. ಹೆಂಡತಿ ಡೋರಿಸ್ ಮೋನಿಕಾ ಗಯಾನಾ ದೇಶದವಳು, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಗೃಹವಿಜ್ಞಾನವನ್ನೂ ಉಷ್ಣವಲಯದ ಆಹಾರಶಾಸ್ತ್ರವನ್ನೂ ಓದಿದವಳು. 1960ರಲ್ಲಿ ಮದುವೆ. ಅವಳು ಗಂಡನಿಗಿಂತ ಸುಮಾರು ನಾಲ್ಕು ವರ್ಷ ದೊಡ್ಡವಳು. ಘಾನಾ ಬಿಟ್ಟು, ಸೇಂಟ್ ಲೂಸಿಯಾ ದ್ವೀಪದಲ್ಲಿ ಸ್ವಲ್ಪ ಕಾಲವಿದ್ದು, ಆತನಿಗೆ ಇತಿಹಾಸದ ಅಧ್ಯಾಪಕನ ಕೆಲಸ ಸಿಕ್ಕಿದಾಗ ಮೋನಾಕ್ಕೆ ಬಂದರು. ಗಂಡನಿಗೆ ಕೆಲಸ ಸಿಕ್ಕಿತು, ಹೆಂಡತಿಯೂ ಬಂದಳು. ವಾಕ್ಯ ನಮ್ಮದೇ.

ಇತಿಹಾಸದ ಪುಸ್ತಕಗಳಲ್ಲಿ ಆಮೇಲಿನದೆಲ್ಲ ಆತನ ಸಾಧನೆ. ಜಮೈಕಾದ ಸಮಾಜ ರೂಪುಗೊಂಡ ಬಗೆಯನ್ನು ಕುರಿತ ಆತನ ದೊಡ್ಡ ಗ್ರಂಥ 1971ರಲ್ಲಿ ಬಂತು. ಮೂರು ಕಾವ್ಯಗಳು ಸೇರಿ 'ದ ಅರೈವಂಟ್ಸ್' ಎಂದು 1973ರಲ್ಲಿ ಒಂದಾದವು. ಜನರಾಡುವ ನುಡಿಯನ್ನು 'ಕೊಳಕು ಇಂಗ್ಲಿಷ್' ಎಂದು ಹಳಿಯುವುದನ್ನು ಬಿಟ್ಟು 'ನಾಡನುಡಿ' ಎಂದು ಗೌರವಿಸಬೇಕು ಎಂದು ವಾದಿಸಿದವನು ಆತ. ಮನೆಯಲ್ಲಿ ಒಂದು ಕನ್ನಡ, ತರಗತಿಯಲ್ಲಿ ಒಂದು ಕನ್ನಡ ಆಡುವ ಮಕ್ಕಳಿಗೆ ಪಾಠ ಹೇಳುವ ನನಗೆ ಆ ವಾದ ಬಹಳ ಹಿಡಿಸುತ್ತದೆ. 1966ರಲ್ಲಿ, ಸಂಶೋಧನೆಗೆಂದು ಲಂಡನ್ನಿನಲ್ಲಿದ್ದಾಗ, ಕೆರಿಬಿಯನ್ ಕಲಾವಿದರ ಚಳವಳಿ ಹುಟ್ಟಿದ್ದು ಈ ದಂಪತಿಗಳ ನೆಲಮಾಳಿಗೆಯ ಬಾಡಿಗೆ ಮನೆಯಲ್ಲಿ. ಸ್ಥಾಪಕರು ಎಂದು ಮೂವರು ಗಂಡಸರ ಹೆಸರು ಬರುತ್ತದೆ. ಸಭೆ ನಡೆದ ಆ ಮನೆಯಲ್ಲಿ ಒಬ್ಬ ಹೆಂಗಸೂ ಇದ್ದಳು ಎಂಬುದನ್ನು ನಾವೇ ಹುಡುಕಿಕೊಳ್ಳಬೇಕು.

ಈಗ ಡೈರಿಗೆ ಬರೋಣ. ಶೀರ್ಷಿಕೆಯ ಕೆಳಗೆ ಎರಡು ತಾರೀಕುಗಳಿವೆ: 1926ರ ಸೆಪ್ಟೆಂಬರ್ 7, 1986ರ ಸೆಪ್ಟೆಂಬರ್ 7. ಡೋರಿಸ್ ಹುಟ್ಟಿದ ದಿನವೂ ಸತ್ತ ದಿನವೂ ಒಂದೇ. ನಮ್ಮ ಕಡೆ ಶಾಂತಿ ಮಾಡಿಸಿ, ಹಾರ ಬದಲಾಯಿಸಿ, ಮಕ್ಕಳು ಮೊಮ್ಮಕ್ಕಳಿಂದ ನಮಸ್ಕಾರ ಮಾಡಿಸಿಕೊಳ್ಳುವ ಅರವತ್ತು ತುಂಬಿದ ದಿನ ಆಕೆ ಕ್ಯಾನ್ಸರಿನಿಂದ ತೀರಿಹೋದಳು. ಹೆಂಡತಿ ಇನ್ನು ಉಳಿಯುವುದಿಲ್ಲ ಎಂದು ತಿಳಿದ ಮೇಲೆ ಗಂಡ ಬರೆದುಕೊಂಡ ದಿನಚರಿಯ ತುಣುಕುಗಳೂ, ಸೋದರಿ ಮೇರಿ ಮಾರ್ಗನ್‌ಗೆ ಬರೆದ ಪತ್ರಗಳೂ ಸೇರಿ ಈ ಪುಸ್ತಕವಾಗಿದೆ. ಅಕ್ಷರಗಳು ಒಂದೆಡೆ ದೊಡ್ಡವು, ಒಂದೆಡೆ ಚಿಕ್ಕವು. ಸಾಲು ಎಲ್ಲೆಂದರಲ್ಲಿ ಮುರಿಯುತ್ತದೆ. ಮೊದಲು ನನಗೆ ಇದು ಸಹನೆಗೆ ಸವಾಲಾಯಿತು. ಆದರೆ ಮನೆಯಲ್ಲಿ ಕಾಯಿಲೆಯವರಿದ್ದಾಗ ನಮ್ಮ ಮಾತೂ ಹೀಗೆಯೇ ಅಲ್ಲವೇ? ಒಂದು ವಾಕ್ಯ ಪೂರ್ತಿಯಾಗುವ ಮೊದಲು ಔಷಧಿಯ ಹೊತ್ತಾಗಿರುತ್ತದೆ.

ಪುಸ್ತಕದ ಹಿರಿಮೆಯನ್ನು ಮೊದಲು ಒಪ್ಪಬೇಕು. ವಿದ್ವಾಂಸನಾದ ಗಂಡಸು, ಊರೆಲ್ಲ ಗೌರವಿಸುವ ಮನುಷ್ಯ, ಹೆಂಡತಿಯ ಸಾವಿನ ಮುಂದೆ ತಾನು ಕುಸಿದದ್ದನ್ನು ಮರ್ಯಾದೆಗೆ ಅಂಜದೆ ಅಚ್ಚು ಹಾಕಿಸಿದ್ದಾನೆ. ನಮ್ಮಲ್ಲಿ ವಿಧುರನ ದುಃಖಕ್ಕೆ ಹದಿಮೂರು ದಿನದ ಲೆಕ್ಕ. ಹದಿನಾಲ್ಕನೆಯ ದಿನ ನೆಂಟರು ಹೆಣ್ಣಿನ ಮಾತು ತೆಗೆದಿರುತ್ತಾರೆ. ಆ ದೃಷ್ಟಿಯಿಂದ, ಇಂಥ ಪುಸ್ತಕವೊಂದನ್ನು ನಮ್ಮ ಮನೆಯ ಗಂಡಸರೂ ಓದಬೇಕು.

ನನ್ನ ತಕರಾರು ಶೀರ್ಷಿಕೆಯಿಂದ ಶುರುವಾಗುತ್ತದೆ. 'ಜೀಯಾ ಮೆಕ್ಸಿಕನ್' ಎಂಬುದು ಗಂಡ ಅವಳಿಗೆ ಇಟ್ಟ ಮುದ್ದಿನ ಹೆಸರು. ಜೀಯಾ ಎಂದರೆ ಸಸ್ಯಶಾಸ್ತ್ರದಲ್ಲಿ ಮುಸುಕಿನ ಜೋಳದ ಕುಲದ ಹೆಸರು. ಪ್ರೀತಿಯ ಹೆಸರೇ, ಸಂದೇಹವಿಲ್ಲ. ಆದರೆ ಹಸೆಮಣೆಯ ಮೇಲೆ ಹರಿವಾಣದ ಅಕ್ಕಿಯಲ್ಲಿ ಉಂಗುರದಿಂದ ಸೊಸೆಯ ಹೊಸ ಹೆಸರು ಬರೆಸುವ ಶಾಸ್ತ್ರ ನೋಡಿ ಬೆಳೆದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡನಿಗೂ ಹೊಸ ಹೆಸರು ಬಂತು. 1971ರಲ್ಲಿ ಕೀನ್ಯಾದಲ್ಲಿ, ಕಾದಂಬರಿಕಾರ ಗೂಗಿ ವಾ ಥಿಯೊಂಗೊ ಅವರ ಅಜ್ಜಿ ಆತನಿಗೆ ಕಮಾವ್ ಎಂದು ಹೆಸರಿಟ್ಟರು. ಆ ಹೆಸರು ಪುಸ್ತಕದ ಮೇಲೆ ಲೇಖಕನ ಹೆಸರಾಗಿ ನಿಂತಿತು. ಹೆಂಡತಿಯ ಹೊಸ ಹೆಸರು ಪುಸ್ತಕದ ವಿಷಯವಾಯಿತು. ಹೆಸರು ಬದಲಾದದ್ದು ಇಬ್ಬರಿಗೂ, ಫಲ ಬೇರೆ ಬೇರೆ.

ಇನ್ನು 'ಡೈರಿ' ಎಂಬ ಮಾತು. ಜೀಯಾ ಮೆಕ್ಸಿಕನ್‌ಳ ಡೈರಿ ಎಂದರೆ ಅವಳು ಬರೆದದ್ದು ಎಂದೇ ನಾನು ಕೈಗೆತ್ತಿಕೊಂಡೆ. ಬರೆದವನು ಆತ. ಕಣ್ಣು ಅವನದು, ಕಣ್ಣೀರೂ ಅವನದು. ಅವಳು ಅವನ ಎದುರಿಗೆ ಮಲಗಿದ್ದಾಳೆ. ಅವನು ಎಷ್ಟೇ ಪ್ರಾಮಾಣಿಕನಾದರೂ ಅವಳ ಒಳಗಿನಿಂದ ನೋಡಲಾರ. 1963ರಲ್ಲಿ ಮೋನಾದ ಮನೆಗೆ ಕಾಲಿಟ್ಟಾಗ ಅವಳಿಗೇನನ್ನಿಸಿತು? ಆಹಾರಶಾಸ್ತ್ರ ಓದಿದವಳು ಆ ಊರಿನ ಸಂತೆಯಲ್ಲಿ ಏನನ್ನು ನೋಡಿದಳು? ನನ್ನ ತಂಗಿಯ ಮಗಳನ್ನೇ ಕೇಳಿ: ಅಲ್ಲಿಯವರು ಕಲಲೂ ಎಂದು ಮಾರುವುದು ನಮ್ಮ ಹರಿವೆಯ ಬಳಗದ ಸೊಪ್ಪೇ ಎಂದು ಕಂಡುಹಿಡಿದ ದಿನ ಅವಳು ಮನೆಗೆ ಅರ್ಧ ಗಂಟೆ ಫೋನು ಮಾಡಿದ್ದಳು. ಬ್ರೆಡ್‌ಫ್ರೂಟ್ ಎಂದರೆ ಮಂಗಳೂರು ಕಡೆಯ ಜೀಗುಜ್ಜೆ. ಗುಲಾಮರ ಹೊಟ್ಟೆಗೆ ಅಗ್ಗದ ಆಹಾರವಾಗಲಿ ಎಂದು 1793ರಲ್ಲಿ ಪೆಸಿಫಿಕ್ ದ್ವೀಪಗಳಿಂದ ಹಡಗಿನಲ್ಲಿ ಜಮೈಕಾಕ್ಕೆ ಅದರ ಸಸಿ ತಂದರು. ಇಂಥ ಇತಿಹಾಸ ಅಡಿಗೆಮನೆಯ ಬಾಗಿಲಿನಿಂದಲೇ ಒಳಗೆ ಬರುತ್ತದೆ. ಇತಿಹಾಸಕಾರನ ಪಕ್ಕದಲ್ಲಿ ಇಪ್ಪತ್ತಾರು ವರ್ಷ ಬಾಳಿದ ಗೃಹವಿಜ್ಞಾನದ ಪದವೀಧರೆ ಇದರ ಬಗ್ಗೆ ಒಂದು ಪುಸ್ತಕ ಬರೆದಿದ್ದರೆ ನಾನು ಆ ಮೂರು ಕಾವ್ಯಗಳಿಗಿಂತ ಮೊದಲು ಅದನ್ನೇ ಓದುತ್ತಿದ್ದೆ.

ಹಾಗೆಂದು ಆಕೆ ಬರೆಯಲಿಲ್ಲವೆಂದಲ್ಲ. ಡೋರಿಸ್ ಮೋನಿಕಾ ಬ್ರಾಥ್‌ವೇಟ್ ಎಂಬ ಹೆಸರಿನಲ್ಲಿ ಎರಡು ಪುಸ್ತಕಗಳಿವೆ. ಒಂದು ಆಕೆ ತೀರಿದ 1986ನೆಯ ವರ್ಷದ್ದು. ಇನ್ನೊಂದನ್ನು ಲಂಡನ್ನಿನ ನ್ಯೂ ಬೀಕನ್ ಬುಕ್ಸ್ 1988ರಲ್ಲಿ ಹೊರತಂದಿತು. ಎರಡೂ ಗ್ರಂಥಸೂಚಿಗಳು, ಗಂಡನ ಬರಹಗಳ ಪಟ್ಟಿ. ಯಾವ ಕವಿತೆ ಯಾವ ಪತ್ರಿಕೆಯಲ್ಲಿ ಯಾವ ವರ್ಷ ಬಂತು ಎಂಬ ಲೆಕ್ಕ. ಓದಿದಾಗ ನನಗೆ ಮೊದಲು ಬೇಸರವಾಯಿತು. ಆಮೇಲೆ 1988ರ ಸೆಪ್ಟೆಂಬರಿನ ವಿಷಯ ತಿಳಿಯಿತು. ಆ ತಿಂಗಳ 12ರಂದು ಗಿಲ್ಬರ್ಟ್ ಎಂಬ ಚಂಡಮಾರುತ ಜಮೈಕಾದ ಮೇಲೆ ಹಾದುಹೋಯಿತು. ಕಿಂಗ್‌ಸ್ಟನ್ನಿನ ಮೇಲಿನ ಬೆಟ್ಟದಲ್ಲಿ ಐರಿಶ್ ಟೌನ್ ಎಂಬಲ್ಲಿದ್ದ ಅವರ ಮನೆ ಹಾಳಾಗಿ, ಕವಿ ಜೀವಮಾನವಿಡೀ ಕೂಡಿಟ್ಟ ಪುಸ್ತಕ, ಹಸ್ತಪ್ರತಿ, ಕಾಗದಪತ್ರಗಳೆಲ್ಲ ಮಣ್ಣುಪಾಲಾದವು. ಆಕೆ ಸತ್ತು ಎರಡು ವರ್ಷವಾಗಿತ್ತು. ಮೂಲ ಕಾಗದಗಳು ಕೆಸರಿನಲ್ಲಿ ಹೂತಿದ್ದಾಗ, ಏನೇನಿತ್ತು ಎಂದು ಹೇಳುವ ಪಟ್ಟಿ ಆಕೆಯದು ಅಚ್ಚಿನಲ್ಲಿತ್ತು. ಮನೆಯ ಲೆಕ್ಕ ಬರೆದಿಡುವ ಹೆಂಗಸಿನ ಕೆಲಸ ಚಿಲ್ಲರೆ ಎನ್ನುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ. ಸಾಹಿತ್ಯವಿಮರ್ಶೆಯಲ್ಲಿ ಡೈರಿಗೆ ಇರುವ ಸ್ಥಾನದಲ್ಲಿ ಕಾಲುಭಾಗವಾದರೂ ಆ ಪಟ್ಟಿಗಳಿಗೆ ಸಲ್ಲಬೇಕು. ಕವಿಯ ದುಃಖ ಒಂದು ಸಂಸಾರದ ಕೊನೆಯ ತಿಂಗಳುಗಳನ್ನು ಉಳಿಸಿದೆ. ಆಕೆಯ ಶಿಸ್ತು ಅದಕ್ಕೂ ಮೊದಲಿನ ಮೂರು ದಶಕಗಳ ಬರಹದ ಜಾಡನ್ನು ಉಳಿಸಿದೆ.

ಇದು ಒಂದು ಮನೆಯ ಕಥೆ ಮಾತ್ರವೆಂದು ತಿಳಿಯಬೇಡಿ. ಅದೇ ಮೋನಾದಲ್ಲಿ ಲೂಸಿಲ್ ಮ್ಯಾಥುರಿನ್ ಮೇರ್ ಎಂಬ ಇತಿಹಾಸಕಾರ್ತಿ ಇದ್ದರು. ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದ ಮೊದಲ ವಾರ್ಡನ್ ಅವರೇ. 1655ರಿಂದ 1844ರವರೆಗೆ ಜಮೈಕಾದ ಹೆಂಗಸರ ಬದುಕನ್ನು, ಬಿಳಿಯರು ಕರಿಯರು ಮಿಶ್ರಜಾತಿಯವರು ಎಂಬ ಭೇದವಿಲ್ಲದೆ, ಹಳೆಯ ಕಡತಗಳಿಂದ ಹೆಕ್ಕಿ 1974ರಲ್ಲಿ ಪ್ರಬಂಧವಾಗಿ ಬರೆದರು. ಅದು ಪುಸ್ತಕವಾಗಿ ಬಂದದ್ದು 2006ರಲ್ಲಿ. ಮೂವತ್ತೆರಡು ವರ್ಷ ವಿದ್ಯಾರ್ಥಿಗಳು ಗ್ರಂಥಾಲಯದ ಪ್ರತಿಯನ್ನೇ ಆಶ್ರಯಿಸಬೇಕಾಯಿತು. ಬ್ರಾಥ್‌ವೇಟ್‌ರ ಗ್ರಂಥ ಅಚ್ಚಾದದ್ದು ಅವರಿಗೆ ಪದವಿ ಬಂದ ಮೂರನೆಯ ವರ್ಷದಲ್ಲಿ. ಎರಡೂ ಒಂದೇ ನಾಡಿನ ಇತಿಹಾಸ. ಇಲ್ಲಿ ಕವಿಯನ್ನು ದೂರುವುದೂ ನ್ಯಾಯವಲ್ಲ. ಅವರ 'ಸವಾಕೂ' ಪತ್ರಿಕೆಯೇ 1977ರಲ್ಲಿ ಕೆರಿಬಿಯನ್ ಸ್ತ್ರೀಯರ ಬಗ್ಗೆ ಒಂದು ವಿಶೇಷ ಸಂಚಿಕೆ ತಂದಿತು. ಅದರ ಸಂಪಾದಕತ್ವ ಮೇರ್ ಅವರದೇ. ದೋಷ ಒಬ್ಬ ಮನುಷ್ಯನದಲ್ಲ. ಯಾವುದನ್ನು ಬೇಗ ಅಚ್ಚು ಹಾಕಬೇಕು, ಯಾವುದು ಕಾಯಬಹುದು ಎಂದು ಲೋಕ ಮಾಡಿಟ್ಟಿರುವ ಸಾಲಿನದು.

ನಮ್ಮ ಕನ್ನಡದಲ್ಲಿ ಪ್ರವಾಸಕಥನಗಳಿಗೆ ಬರವಿಲ್ಲ. ಗಂಡನ ಜೊತೆ, ಮಗನ ಜೊತೆ ಹೋಗಿಬಂದ ಹೆಂಗಸರು ಬರೆದವೂ ಬೇಕಾದಷ್ಟಿವೆ. ಆದರೆ ಹೆಚ್ಚಿನವು ಜಲಪಾತ, ವಸ್ತುಸಂಗ್ರಹಾಲಯ, ಅಂಗಡಿಗಳಲ್ಲೇ ಮುಗಿಯುತ್ತವೆ. ಗಂಡ ಕಾಲೇಜಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡ ಮನೆಯೊಳಗಿನ ಹನ್ನೊಂದು ಗಂಟೆ ಅವುಗಳಲ್ಲಿ ಬರುವುದು ಅಪರೂಪ. ನನ್ನ ತಂಗಿಯ ಮಗಳು ಇಲ್ಲಿ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದವಳು. ಅಲ್ಲಿ ಅವಳು ದುಡಿಯಬೇಕಾದರೆ ಗಂಡನದಲ್ಲದೆ ಅವಳದೇ ಬೇರೆ ಪರವಾನಗಿ ಬೇಕು. ಅದಕ್ಕಾಗಿ ಕಾದ ತಿಂಗಳುಗಳಲ್ಲಿ, ಅಮ್ಮನಿಗೆ ಫೋನು ಮಾಡೋಣವೆಂದರೆ ಇಲ್ಲಿ ನಡುರಾತ್ರಿ. ಹತ್ತೂವರೆ ಗಂಟೆಯ ಅಂತರ. ಆಗ ಅವಳು ಒಂದು ನೋಟ್‌ಬುಕ್ಕಿನಲ್ಲಿ ಸೊಪ್ಪು, ಕಾಳು, ಗೆಡ್ಡೆಗಳ ಹೆಸರುಗಳನ್ನು ಅಲ್ಲಿಯ ಮಾತಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಬರೆದಿಟ್ಟುಕೊಂಡಿದ್ದಾಳೆ. ಮುಂದೆ ಮಾರುವವರ ಹೆಸರು, ಅವರು ಹೇಳಿದ ಅಡಿಗೆಯ ಕ್ರಮ, ಆ ದಿನ ತನಗೇನನ್ನಿಸಿತು ಎಂಬ ಒಂದೆರಡು ಸಾಲು.

ಅದನ್ನು ಅಚ್ಚು ಹಾಕಿಸು ಎಂದು ನಾನು ಬೆನ್ನು ಬಿದ್ದಿದ್ದೇನೆ. "ಅದರಲ್ಲೇನಿದೆ ದೊಡ್ಡಮ್ಮ, ಬರೀ ಪಟ್ಟಿ," ಎನ್ನುತ್ತಾಳೆ. ಡೋರಿಸ್ ಮೋನಿಕಾರ ಎರಡು ಪುಸ್ತಕಗಳ ಕಥೆಯನ್ನು ಅವಳಿಗೂ ಬರೆದು ಕಳಿಸಿದ್ದೇನೆ. ಪಟ್ಟಿಯೇ ಇರಲಿ, ಈ ಸಲ ಅದರಲ್ಲಿ ಅವಳು ಕಂಡದ್ದು ಇರುತ್ತದೆ, ಹೊದಿಕೆಯ ಮೇಲೆ ಅವಳ ಹುಟ್ಟುಹೆಸರು ಇರುತ್ತದೆ. ಪ್ರಕಟವಾದರೆ ನಮ್ಮ ಮಹಿಳಾ ಸಮಾಜದ ಕಪಾಟಿಗೆ ಹತ್ತು ಪ್ರತಿ ನಾನೇ ಕೊಳ್ಳುವವಳು.